ಒಂದು ಬೆರಳಿನ ಸಂದು

ಮನೆಯಿಂದ
ಜುಲೈ ೧೮, ಶನಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಕೈ ಹೇಗಿದೆ? ಸಿಮೆಂಟು ತಿಂದ ಬೆರಳುಗಳ ಚರ್ಮ ಮತ್ತೆ ಬಿರಿಯುತ್ತಿದೆ ಎಂದು ಅತ್ತಿಗೆ ಕಳೆದ ಸಲ ಫೋನಿನಲ್ಲಿ ಹೇಳಿದರು. ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತೀಯೋ ಇಲ್ಲವೋ? ಹಚ್ಚುವುದಿಲ್ಲ, ನನಗೆ ಗೊತ್ತು. ಮೂವತ್ತು ವರ್ಷ ಕಾಂಕ್ರೀಟಿನಲ್ಲಿ ಕೈಯಾಡಿಸಿದವನಿಗೆ ಮುಲಾಮು ಎಂದರೆ ನಾಚಿಕೆ. ಈಗಿನ ಗೋದಾಮಿನ ಕೆಲಸ ಕೂತು ಮಾಡುವಂಥದ್ದು ಎಂದು ನೀನು ಹೇಳಿದರೂ, ನೀನು ಕೂರುವ ಆಸಾಮಿಯಲ್ಲ. ಮೂಟೆ ಎತ್ತುವವರ ಜೊತೆ ಹೋಗಿ ಒಂದು ಕೈ ಹಾಕುತ್ತಿರುತ್ತೀ. ದಯವಿಟ್ಟು ಬೇಡ. ‘ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ’ ಎಂದು ಮೊದಲೇ ಬರೆದುಬಿಟ್ಟಿದ್ದೆ, ಆಮೇಲೆ ಹೊಡೆದುಹಾಕಿದೆ. ಹಾಳೆಯ ಮೇಲ್ತುದಿಯಲ್ಲಿ ಕಾಣುವ ದಪ್ಪ ಗೀಟು ಅದೇ.

ಅಕ್ಕನ ಮನೆಯ ವಿಷಯ. ನಿನಗೆ ತಂಗಿ, ನನಗೆ ಅಕ್ಕ, ನಮ್ಮಿಬ್ಬರ ನಡುವೆ ಹುಟ್ಟಿ ಇಬ್ಬರ ಕಿವಿಯನ್ನೂ ಹಿಂಡಿದವಳು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ನಂಬರು ಒತ್ತಿ, ನೀನು ‘ಏನೋ ಬಾಂಡ್ಲಿ’ ಅನ್ನುವುದರೊಳಗೆ ಇಟ್ಟುಬಿಟ್ಟೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪೂರ್ತಿ ನನ್ನಿಂದ ಗಾರೆಯ ಬಾಂಡ್ಲಿ ಹೊರಿಸಿ ನೀನು ಇಟ್ಟ ಹೆಸರು ಅದು. ಕರಣೆ ಕೈಗೆ ಕೊಟ್ಟದ್ದು ಆಮೇಲೆ. ಆ ಹೆಸರು ಕಿವಿಗೆ ಬಿದ್ದರೆ ನನಗೆ ಮಾತು ಬರುವುದಿಲ್ಲ ಎಂದು ಕಾಗದ ಹಿಡಿದಿದ್ದೇನೆ. ಭಾವನಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಯಿತಲ್ಲ, ಗಾಲಿಕುರ್ಚಿ ಬಂದಂದಿನಿಂದ ಬಾಗಿಲಿನಿಂದ ಗೇಟಿನವರೆಗಿನ ಹದಿನೆಂಟು ಹೆಜ್ಜೆಯೇ ದೊಡ್ಡ ಪ್ರಯಾಣವಾಗಿತ್ತು. ಆ ಬೀದಿಯ ಮಣ್ಣು ನಿನಗೆ ಗೊತ್ತೇ ಇದೆ, ಶುದ್ಧ ಜೇಡಿ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮೇಲಿದ್ದದ್ದನ್ನೆಲ್ಲ ಎತ್ತುತ್ತದೆ. ಮನೆಗೆ ಅರವತ್ತು ವರ್ಷ, ಮನೆಗೋಡೆಗೂ ಕಾಂಪೌಂಡಿಗೂ ನಡುವೆ ಗೇಟಿಗೆ ಹೋಗುವ ಓಣಿಯ ಕಾಂಕ್ರೀಟಿಗೂ ಹೆಚ್ಚುಕಡಿಮೆ ಅಷ್ಟೇ. ಅದು ನಾಲ್ಕು ತುಂಡಾಗಿ, ಒಂದು ತುಂಡಿಗೂ ಇನ್ನೊಂದಕ್ಕೂ ನಾಲ್ಕು ಬೆರಳು ಎತ್ತರ ತಗ್ಗು. ಎಂಥೆಂಥ ತಿರುವಿನಲ್ಲೂ ಬಸ್ಸು ತಿರುಗಿಸಿದ ಭಾವ ತಮ್ಮ ಮನೆಯ ಓಣಿಯಲ್ಲೇ ಸಿಕ್ಕಿಹಾಕಿಕೊಂಡು ಕೂರುತ್ತಿದ್ದರು. ಹೊಸದು ಹಾಕಿಕೊಡೋ ಎಂದು ಅಕ್ಕ ಮಾರ್ಚಿನಲ್ಲಿ ಕೇಳಿದಳು. ಕೇಳಬೇಕಾಗಿತ್ತೇ, ನಾನೇ ಹೋಗಿ ನಿಲ್ಲಬೇಕಿತ್ತು.

ಅಣ್ಣಾ, ಅದೊಂದು ಕೆಲಸವನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದೆ. ಹಳೆಯದನ್ನು ಒಡೆದು ಎತ್ತಿದರೆ ಕೆಳಗಿನ ಬಿರುಕಿನಲ್ಲಿ ನನ್ನ ಕೈ ಮುಂಗೈವರೆಗೆ ಇಳಿಯಿತು. ಒಂದೂವರೆ ಅಡಿ ಜೇಡಿ ತೆಗೆದೆ. ಒಣಗಿದ ಜೇಡಿಯ ಮೇಲೆ ಕಾಂಕ್ರೀಟು ಸುರಿಯುವವನು ಮೇಸ್ತ್ರಿಯಲ್ಲ ಎಂದು ನೀನು ಬೈಯುತ್ತಿದ್ದೆಯಲ್ಲ, ಅದಕ್ಕೇ ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಉಣಿಸಿದೆ. ಪಕ್ಕದ ಮನೆಯವರು ಭತ್ತ ನಾಟಿ ಮಾಡ್ತೀರಾ ಎಂದು ಗೇಲಿ ಮಾಡಿದರು. ಆಮೇಲೆ ಜಲ್ಲಿ ತುಂಬಿ ದಮ್ಮಸ್ ಹೊಡೆದು ಗಟ್ಟಿ ಮಾಡಿ, ಕಂಬಿ ಕಟ್ಟಿ, ನೀರು ಗೋಡೆ ಬಿಟ್ಟು ಆಚೆ ಹರಿಯುವಂತೆ ಇಳಿಜಾರು ಕೊಟ್ಟೆ. ಗೋಡೆಯ ಉದ್ದಕ್ಕೂ ಒಂದು ಬೆರಳಿನ ಸಂದು ಬಿಟ್ಟು, ಡಾಂಬರು ಹಚ್ಚಿದ ಮೆತ್ತನೆಯ ರಟ್ಟು ಇಟ್ಟೆ. ಕಾಂಪೌಂಡಿನ ಕಡೆಯೂ ಹಾಗೆಯೇ. ಕಾಂಕ್ರೀಟಿನ ಲಾರಿ ಬಂದ ದಿನ ಭಾವ ಬಾಗಿಲಲ್ಲಿ ಕೂತು ಅದನ್ನು ಹಿಂದಕ್ಕೆ ಕರೆದರು. ಅವರಿಗೆ ಉಳಿದಿರುವ ಮಾತೇ ಬೆರಳೆಣಿಕೆಯಷ್ಟು, ಅದೂ ತೊದಲು. ಆದರೆ ‘ಬರ್ಲಿ, ಬರ್ಲಿ, ಬರ್ಲಿ, ಸಾಕು’ ಮಾತ್ರ ಗಂಟೆ ಹೊಡೆದಂತೆ ಬಂತು. ಲಾರಿಯವನು ಸಲಾಮು ಹೊಡೆದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಒಂದು ತಿಂಗಳು ಭಾವ ದಿನಾ ಗೇಟಿನವರೆಗೆ ಹೋಗಿ ಬೀದಿ ನೋಡಿ ಬಂದರು, ಯಾರೂ ತಳ್ಳದೆ, ಒಂದೇ ಕೈಯಿಂದ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮೊದಲು ಆಗಿರಲಿಲ್ಲ.

ಇನ್ನು ಬರೆಯುವುದು ಕಷ್ಟ. ಅಕ್ಕನ ಪೊರಕೆ ನಿನಗೆ ಗೊತ್ತಲ್ಲ. ಆ ಸಂದಿನಲ್ಲಿ ಕಸ ಕೂರುತ್ತದೆ, ಕಡ್ಡಿ ಸಿಕ್ಕಿಕೊಳ್ಳುತ್ತದೆ ಎಂದು ಮೊದಲ ವಾರದಿಂದಲೇ ಶುರು. ನಾನು ನಕ್ಕು ಬಿಟ್ಟೆ. ಆಮೇಲೆ ರಟ್ಟಿನ ಪಕ್ಕದಿಂದ ಇರುವೆ ಎದ್ದವು, ಸಣ್ಣ ಕೆಂಪಿರುವೆ. ಪುಡಿ ಹಾಕಿದಳು, ಬಿಸಿನೀರು ಸುರಿದಳು, ಯಾವುದಕ್ಕೂ ಬಗ್ಗಲಿಲ್ಲ. ಒಂದು ಬೆಳಿಗ್ಗೆ ಅವು ಗೋಡೆ ಹತ್ತಿ, ಕಿಟಕಿ ದಾಟಿ, ಭಾವನ ಹಿಮ್ಮಡಿಯ ಹುಣ್ಣಿಗೆ ಮುತ್ತಿಕೊಂಡಿದ್ದವು. ಆ ಕಾಲಿಗೆ ಸ್ಪರ್ಶವಿಲ್ಲ, ಹೇಳಲು ಬಾಯಿಲ್ಲ, ಎಷ್ಟು ಹೊತ್ತಿನಿಂದ ಕಚ್ಚುತ್ತಿದ್ದವೋ. ಅಕ್ಕ ನನ್ನ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅಮ್ಮ ಹೋದಾಗಲೂ ನೋಡಿರಲಿಲ್ಲ. ‘ಆ ಸಂದು ಮುಚ್ಚೋ, ನಿನಗೆ ಕೈ ಮುಗೀತೀನಿ’ ಅಂದಳು. ಬೇಡ ಎಂದು ಒಂದು ಸಲ ಹೇಳಿದೆ. ಯಾಕೆ ಬೇಡ ಎಂದು ಕೂರಿಸಿ ಹೇಳಲಿಲ್ಲ. ‘ನೀನು ಹಾಕಿದ್ದು ಯಾಕೋ ಒಡೆಯುತ್ತೆ’ ಅಂದಳು ನೋಡು, ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ರಟ್ಟು ಕಿತ್ತು ಬಿಸಾಕಿ, ಗೋಡೆ ಕಡೆ, ಕಾಂಪೌಂಡಿನ ಕಡೆ, ಎರಡೂ ಕಡೆ ಗಟ್ಟಿ ಗಾರೆ ತುಂಬಿ ನಯವಾಗಿ ಎಳೆದೆ. ಅರ್ಧ ದಿನದ ಕೆಲಸ. ಇರುವೆ ಬರಲಿಲ್ಲ. ಅಕ್ಕ ಅಂದು ಓಣಿಯನ್ನು ಎರಡು ಸಲ ಗುಡಿಸಿದಳು, ಬರೀ ಖುಷಿಗೆ.

ನೀನು ಈ ಸಾಲಿಗೆ ಬರುವಷ್ಟರಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತೀ. ಜೂನ್ ಎರಡನೇ ವಾರ ಮಳೆ ಹಿಡಿಯಿತು, ಆರು ದಿನ ಬಿಡಲಿಲ್ಲ. ಜೇಡಿ ತನ್ನ ಬುದ್ಧಿ ತೋರಿಸಿತು. ಸಂದು ಇದ್ದಿದ್ದರೆ ಕಾಂಕ್ರೀಟಿನ ಚಪ್ಪಡಿ ತಾನೊಂದೇ ಎದ್ದು ತಾನೊಂದೇ ಇಳಿಯುತ್ತಿತ್ತು. ಈಗ ಅದು ಗೋಡೆಗೆ ಅಂಟಿಕೊಂಡಿತ್ತು. ನಾನು ಕಂಬಿ ಹಾಕಿ ಅಷ್ಟು ಗಟ್ಟಿ ಮಾಡಿದ್ದರಿಂದ ಒಡೆಯಲೂ ಇಲ್ಲ, ಇಡಿಯಾಗಿ ಎದ್ದು ಗೋಡೆಯನ್ನೂ ಎತ್ತಿತು, ಕಾಂಪೌಂಡಿಗೆ ಬೆನ್ನು ಕೊಟ್ಟು ಒಳಕ್ಕೂ ತಳ್ಳಿತು. ಮಣ್ಣಿನ ಗಾರೆಯ ಇಟ್ಟಿಗೆ ಗೋಡೆ ಎಷ್ಟು ತಡೆದೀತು? ಏಳನೇ ದಿನ ಬೆಳಿಗ್ಗೆ ಅಕ್ಕ ಹೊರಗಿನಿಂದ ಫೋನು ಮಾಡಿ, ಬಾಗಿಲು ತೆಗೆಯಲು ಬರುತ್ತಿಲ್ಲ, ಭಾವ ಒಳಗಿದ್ದಾರೆ ಎಂದಳು. ಹೋಗಿ ನೋಡಿದರೆ ಚೌಕಟ್ಟು ವಾಲಿ ಬಾಗಿಲನ್ನು ಕಚ್ಚಿ ಹಿಡಿದಿತ್ತು. ಕೀಲು ಬಿಚ್ಚಿ, ಹಾರೆಯಿಂದ ಮೀಟಿ ತೆಗೆದೆ. ಒಳಗೆ ಭಾವ ಮಂಚದ ಮೇಲೆ ಮಲಗಿದ್ದರು, ಮೈಮೇಲೆಲ್ಲ ಸುಣ್ಣದ ಹಕ್ಕಳೆ. ತಲೆಯ ಮೇಲಿನ ಮೂಲೆಯಿಂದ ಕಿಟಕಿಯವರೆಗೆ ಬಿರುಕು. ಅದರಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಅವರು ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

ನಾನು ಆ ದಿನವೇ ಗಾರೆ ಕಿತ್ತೆ, ಚಪ್ಪಡಿಯನ್ನು ಉದ್ದಕ್ಕೆ ಕೊಯ್ದೆ. ಎಲ್ಲ ಆದ ಮೇಲಿನ ಮಾತು. ನಗರಸಭೆಯ ಇಂಜಿನಿಯರು ಬಂದು ಬಿರುಕಿಗೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿ ಅಂಟಿಸಿ ಹೋದರು, ಗಾಜು ಉಳಿದರೆ ಗೋಡೆ ನಿಂತಿದೆ ಎಂದು ಲೆಕ್ಕ. ಅಕ್ಕ ದಿನಕ್ಕೆ ಹತ್ತು ಸಲ ಹೋಗಿ ಅದನ್ನು ನೋಡುತ್ತಿದ್ದಳು, ಒರೆಸುತ್ತಿದ್ದಳು ಕೂಡ. ನಾಲ್ಕನೇ ದಿನಕ್ಕೆ ಮೂರೂ ಒಡೆದಿದ್ದವು. ಇಂಜಿನಿಯರು ನನ್ನನ್ನು ಗೇಟಿನ ಹತ್ತಿರ ಕರೆದು, ಗೋಡೆಗೆ ಸೇರಿಸಿ ಗಾರೆ ತುಂಬಿದ್ದು ಯಾರು ಎಂದು ಕೇಳಿದರು. ಒಳ್ಳೆಯ ಮನುಷ್ಯ, ದನಿ ಎತ್ತಲಿಲ್ಲ. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವರಿಗೆ ಅರ್ಥವಾಯಿತು, ಮತ್ತೆ ಕೇಳಲಿಲ್ಲ. ತಳಪಾಯವೇ ಜರುಗಿದೆಯಂತೆ. ಗೋಡೆಗೆ ಊರೆಗಂಬ ನಿಲ್ಲಿಸಿದರೂ ಪ್ರಯೋಜನವಿಲ್ಲ, ಜುಲೈ ಕೊನೆಯೊಳಗೆ ಖಾಲಿ ಮಾಡಿ, ಆಮೇಲೆ ಕೆಡವಬೇಕು ಎಂದು ಬರೆದುಕೊಟ್ಟರು. ಬೇರೆ ಇಬ್ಬರನ್ನು ಕರೆಸಿ ತೋರಿಸಿದೆ. ಇಬ್ಬರೂ ಕೈ ಚೆಲ್ಲಿದರು.

ನಮ್ಮ ಮನೆ ಮೂರನೇ ಅಂತಸ್ತು, ಲಿಫ್ಟಿಲ್ಲ, ಮೆಟ್ಟಿಲು ಕಿರಿದು. ಭಾವನನ್ನು ಹೊತ್ತು ಹತ್ತಿಸಿದರೂ ಮತ್ತೆ ಇಳಿಸಲಾಗುವುದಿಲ್ಲ, ಅವರು ಬೀದಿ ನೋಡುವುದು ಅಲ್ಲಿಗೆ ಮುಗಿಯಿತು. ಅದೂ ಬೇಡವೆಂದರು ಡಾಕ್ಟರು, ಹುಣ್ಣು ಇರುವಾಗ ನೋಡಿಕೊಳ್ಳಲು ತಿಳಿದವರೇ ಬೇಕಂತೆ. ಹಾಗಾಗಿ ಮೊನ್ನೆ ಅವರನ್ನು ಊರಾಚೆಯ ಆರೈಕೆ ಮನೆಗೆ ಸೇರಿಸಿ ಬಂದೆವು. ಎಂಟು ಮಂಚದ ಕೋಣೆ, ಅವರದು ಗೋಡೆ ಕಡೆಯದು. ಮೂವತ್ತೆಂಟು ವರ್ಷದಲ್ಲಿ ಅಕ್ಕ ಅವರಿಗೆ ಊಟ ಬಡಿಸದ ಮೊದಲ ದಿನ ಅದು. ಹೊರಡುವಾಗ ಅವರು ಅವಳ ಕೈ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು, ಬಿಡಿಸಿದ್ದು ನಾನು. ಅಕ್ಕ ಇಂದಿನಿಂದ ನಮ್ಮ ಮುಂದಿನ ಕೋಣೆಯಲ್ಲಿರುತ್ತಾಳೆ. ನಮ್ಮವಳು ಕಪಾಟಿನ ಎರಡು ಖಾನೆ ಖಾಲಿ ಮಾಡಿ ಇಟ್ಟಿದ್ದಾಳೆ. ಒಂದು ಸಂಸಾರ ಎರಡು ಖಾನೆಗೆ ಬಂತು. ಇದರಲ್ಲಿ ಒಳ್ಳೆಯದೇನಾದರೂ ಇದೆಯೇ ಎಂದು ನಿನಗಾಗಿ ಹುಡುಕಿದೆ ಅಣ್ಣಾ, ಸಿಗಲಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮೂಟೆಗೆ ಕೈ ಹಾಕಬೇಡ. ನಾನು ಒಂದು ತಿಂಗಳಿನಿಂದ ಕೆಲಸಕ್ಕೆ ಹೋಗಿಲ್ಲ, ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.

ನಿನ್ನ ತಮ್ಮ,
ಬಾಂಡ್ಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಅಕ್ಕ ಗಂಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಳೆ, ಬೇಗ ಮುಗಿಸುತ್ತೇನೆ. ಇಂಜಿನಿಯರು ಹೋದ ಮೇಲೆ ತಪ್ಪು ಎಲ್ಲಾಯಿತು ಎಂದು ಅವಳು ಕೇಳಿದಳು. ಸಂದು ಮುಚ್ಚಿದ್ದರಿಂದ ಎಂದರೆ, ಮುಚ್ಚಿಸಿದ್ದು ನಾನೇ ಎಂದು ಕೊರಗುತ್ತಾಳೆ, ಅದಕ್ಕೇ ಸುಳ್ಳು ಹೇಳಿದೆ ಎಂದು ನಿನಗೆ ಬರೆಯಬಹುದಿತ್ತು. ಅದು ಅರ್ಧ ಮಾತ್ರ ನಿಜ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಈ ಮನೆಯ ಹಿಂದಿನ ಕೋಣೆಯ ನೆಲ ಅಣ್ಣ ಹಾಕಿದ್ದು, ಕೆಳಗೆ ಜಲ್ಲಿಯನ್ನೇ ತುಂಬಿರಲಿಲ್ಲ, ಅಲ್ಲಿಂದಲೇ ಎಲ್ಲ ಶುರುವಾಯಿತು’ ಎಂದುಬಿಟ್ಟೆ. ನಂಬಿದಳು. ಆಮೇಲೆ ಹೋಗಿ ಆ ನೆಲಕ್ಕೆ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು, ಇಪ್ಪತ್ತೆರಡು ವರ್ಷದ ಮೇಲೂ ನಿನ್ನ ನೆಲ ಕೂದಲೆಳೆಯಷ್ಟೂ ವಾಲಿರಲಿಲ್ಲ. ಅಂದಿನಿಂದ ಅವಳು ನಿನ್ನ ಹೆಸರು ಎತ್ತುತ್ತಿಲ್ಲ, ಆದರೆ ಒಂದು ದಿನ ನಿನ್ನನ್ನು ಕೇಳಿಯೇ ಕೇಳುತ್ತಾಳೆ. ಅವಳಿಗೆ ಈಗ ನನ್ನ ಮನೆ ಬಿಟ್ಟರೆ ಬೇರೆ ಮನೆಯಿಲ್ಲ. ಕೇಳಿದಾಗ ಹೌದು ಎಂದುಬಿಡು ಅಣ್ಣಾ.