ದಾಕ್ಷಾಯಣಿ ಕೊಡಲು ಬಂದದ್ದು
೧೪-೧೧-೧೯೮೬, ಶುಕ್ರವಾರ. ಬೀರೂರು.

ದಾಕ್ಷಾಯಣಿಯನ್ನು ಅಳಿಸಿ ಕಳಿಸಿದೆ. ಬೇರೆ ಏನು ಬರೆಯಲೂ ಮನಸ್ಸಿಲ್ಲ.

ತಂಗಿ ಅವಳು; ತನ್ನದೊಂದು ಕಿಡ್ನಿ ನನಗೆ ಕೊಟ್ಟು ಎರಡು ವರ್ಷವಾಯಿತು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ನನ್ನಲ್ಲಿ ರಕ್ತವೇ ಇಲ್ಲ. ಅರವತ್ತಮೂರನೆಯ ವಯಸ್ಸಿಗೆ ಬಚ್ಚಲಿಗೆ ಹೋಗಿಬರಲೂ ಗೋಡೆ ಹಿಡಿಯುತ್ತೇನೆ. ಹೊಸ ಕಿಡ್ನಿಯನ್ನು ದೇಹ ಹೊರದಬ್ಬದಿರಲೆಂದು ನುಂಗುವ ಮಾತ್ರೆಯೇ ರಕ್ತ ಹುಟ್ಟದಂತೆ ಮಾಡುತ್ತಿದೆಯಂತೆ. ಅರ್ಧಕ್ಕಿಳಿಸಿ ನೋಡೋಣ ಎಂದರು ಡಾಕ್ಟರು. ಇಳಿಸಿದರೆ ಕಿಡ್ನಿ ಹೋಗಲೂಬಹುದು, ಅದನ್ನೂ ಅವರೇ ಹೇಳಿದರು.

ಬೆಳಗಿನ ರೈಲಿಗೆ ಅಜ್ಜಂಪುರದಿಂದ ಬಂದವಳು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ಇದೇನಣ್ಣ, ಸುಣ್ಣ ಬಳ್ದಂಗೈತೆ! ನಾನು ಕೊಟ್ಟಿದ್ದೇ ಸರಿಯಿಲ್ವೇನೋ?"

"ನಿಂದು ಸರಿಯಾಗೇ ಇದೆ ಕಣೇ."

"ಹಂಗಾದ್ರೆ ರಕ್ತಾನೂ ನಂದೇ ತಗೋ. ಏಳು, ಆಸ್ಪತ್ರೆಗೆ ಹೋಗಾನ." ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟಳು.

"ಸಾಕು ಹೋಗೇ! ನಿನ್ನಿಂದ ಇನ್ನೇನೂ ಬೇಡ ನನಗೆ" ಎಂದು ಕೂಗಿದೆ. ಅವಳು ಅಳುತ್ತ ಹೊರಟಳು, ಊಟಕ್ಕೂ ನಿಲ್ಲಲಿಲ್ಲ.

ನನಗೆ ಭಯವಾಗಿತ್ತು, ಅಷ್ಟೇ. ಆಪರೇಷನ್ನಿನ ದಿನ ಅವಳ ಮುಖ ಎಷ್ಟು ಗೆಲುವಾಗಿತ್ತು! ನೀನು ಕೊಟ್ಟದ್ದನ್ನೂ ನಾನು ಕಳೆದುಕೊಳ್ಳಬಹುದು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಈಗಷ್ಟೇ ಮಾತ್ರೆಯನ್ನು ಬ್ಲೇಡಿನಿಂದ ಎರಡು ಮಾಡಿ ಅರ್ಧ ನುಂಗಿದೆ. ಇನ್ನರ್ಧ ಎಡಗೈಯಲ್ಲೇ ಇದೆ. ಡಬ್ಬಿಗೆ ಹಾಕಲು ಧೈರ್ಯ ಬರುತ್ತಿಲ್ಲ. ಬೆವರಿಗೆ ಕರಗುತ್ತಿದೆ. ಇದನ್ನೂ ನುಂಗಿದರೆ ರಕ್ತವಿಲ್ಲದೆ ನಾನು ಉಳಿಯುವುದಿಲ್ಲ. ಬಿಟ್ಟರೆ ದಾಕ್ಷಾಯಣಿಯ ಕಿಡ್ನಿ ಉಳಿಯುತ್ತದೋ ಇಲ್ಲವೋ.