ಜೋಳ ಎತ್ತರ ಬೆಳೆದ ಅಪರಾಧಕ್ಕೆ

ಕೃಷಿ ಖಾತೆಯ ಹಿರಿಯ ಸಾಹೇಬರಿಗೆ,

ಮಾನ್ಯರೇ,

ತಮ್ಮ ತುಂತುರು ನೀರಾವರಿಯ ಯಂತ್ರಕ್ಕೆ ಬೆಳೆ ಅಡ್ಡ ಬಂದಿತೆಂದು ತಮ್ಮ ಅಪ್ಪಣೆಯಂತೆ ಹಾಲುದುಂಬಿದ ಜೋಳವನ್ನು ಕೊಯ್ದು ಕೆಡವಲಾಯಿತು. ತೆನೆಗಳ ಜೊತೆಗೆ ನನ್ನ ಅಕ್ಕ ಹಣಮವ್ವನ ಬಲಗೈಯ ಎರಡು ಬೆರಳುಗಳೂ ನೆಲಕ್ಕೆ ಬಿದ್ದವು. ಪ್ರಯೋಗ ಯಶಸ್ವಿಯಾಯಿತೆಂದು ತಮ್ಮ ಕಚೇರಿ ಸಾರಿದೆ. ಬೆರಳುಗಳ ಮಾತನ್ನು ಯಾರೂ ಎತ್ತದ ಕಾರಣ ನಾನು ಎತ್ತುತ್ತಿದ್ದೇನೆ.

ಅಕ್ಕನ ಹೊಲ ಇರುವುದು ಹಿಪ್ಪರಗಿಯ ಆಚೆ, ಕೃಷ್ಣೆಯ ದಂಡೆಗೆ. ಕಳೆದ ವರ್ಷ ಮಹಾನವಮಿ ಮುಗಿದ ಮೇಲೆ ತಮ್ಮ ಜನ ಅಲ್ಲಿಗೆ ಎಂಜಿನ್ನು, ಅಲ್ಯೂಮಿನಿಯಂ ಕೊಳವೆ ಹೇರಿಕೊಂಡು ಬಂದರು. ಸಾಲಿನಲ್ಲಿ ಅಲ್ಲಲ್ಲಿ ಸೊಂಟದೆತ್ತರದ ನಳಿಗೆ, ಅದರ ತುದಿಗೆ ತಿರುಗುವ ಹಿತ್ತಾಳೆ ಮೂತಿ. ಆಗ ಜೋಳ ಇನ್ನೂ ಗೇಣುದ್ದವಿತ್ತು. ನೀರು ತಡೆಯಿಲ್ಲದೆ ಹಾರಿ ಮೂಲೆ ಮೂಲೆ ಮುಟ್ಟಿತು. ಊರವರು ಅದನ್ನು ಕಾರಂಜಿ ಎಂದು ಕರೆದರು, ಅಕ್ಕ ಮೂತಿಗೆ ಅರಿಷಿಣ ಹಚ್ಚಿ ಕಾಯಿ ಒಡೆದಳು. ಆ ದಿನದ ಮಟ್ಟಿಗೆ ಅದು ಒಳ್ಳೆಯ ಯಂತ್ರವೇ ಆಗಿತ್ತು. ಸುಳ್ಳು ಹೇಳಿ ನನಗೇನಾಗಬೇಕು?

ಆದರೆ ಬಿತ್ತಿದ ಬೆಳೆ ಬೆಳೆಯುತ್ತದೆ, ಸಾಹೇಬರೇ. ಕೃಷಿ ಖಾತೆಗೆ ಇದನ್ನು ಬಿಡಿಸಿ ಹೇಳಬೇಕಾದದ್ದು ನಮ್ಮ ದುರ್ದೈವ. ಜೋಳ ಆಳೆತ್ತರ ಏರಿತು, ನಳಿಗೆ ಮಾತ್ರ ಸೊಂಟಕ್ಕೇ ನಿಂತಿತು. ಮೂತಿಯಿಂದ ಚಿಮ್ಮಿದ ನೀರು ಎದುರಿನ ದಂಟಿಗೆ ಬಡಿದು ಅಲ್ಲೇ ಕುಸಿಯತೊಡಗಿತು. ನಳಿಗೆಯ ಬುಡದಲ್ಲಿ ಕೆಸರಾಗಿ ಗಿಡ ಮಲಗಿದರೆ, ಅದರಿಂದ ತುಸು ದೂರದಲ್ಲಿ ಎರೆನೆಲ ಬಾಯಿಬಿಟ್ಟು ಅಂಗೈ ಹಿಡಿಸುವಷ್ಟು ಬಿರಿಯಿತು. ಒಂದೇ ಹೊಲದಲ್ಲಿ ಒಂದು ಗಿಡ ಮುಳುಗಿ ಸತ್ತಿತು, ಇನ್ನೊಂದು ಒಣಗಿ ಸತ್ತಿತು. ಎಲೆಯ ಮೇಲೆ ನಿಂತ ನೀರನ್ನು ಬಿಸಿಲು ಕುಡಿಯಿತು. ಅಕ್ಕನ ಗಂಡ ಪಾಂಡಪ್ಪ ತಮ್ಮ ಓವರಸಿಯರರ ಮುಂದೆ ಕೈಮುಗಿದು, "ಸಾಹೇಬ್ರ, ನಳಗಿ ಎತ್ತರಾ ಮಾಡ್ರಿ, ನೀರು ತೆನಿ ಮ್ಯಾಲಿಂದ ಬೀಳ್ಲಿ," ಎಂದ. "ಮ್ಯಾಲಿಂದ ಹುಕುಮ್ ಬರಬೇಕು," ಎಂದರು ಅವರು.

ಹುಕುಮು ಬಂತು. ಮುಂಬಯಿಯಿಂದ ದೊಡ್ಡವರು ಯಂತ್ರ ನೋಡಲು ಬರುವವರಿದ್ದರು. ನೀರು ಚೆಂದಾಗಿ ಹಾರುವುದು ಅವರಿಗೆ ಕಾಣಬೇಕಿತ್ತು. ನಳಿಗೆ ಎತ್ತರಿಸಲು ಕೊಳವೆಯ ನಾಲ್ಕು ತುಂಡು ಸಾಕಾಗಿತ್ತು. ತಾವು ಕುಡಗೋಲು ಕಳಿಸಿದಿರಿ. ನೀರು ಬೆಳೆಗಾಗಿಯೋ, ಬೆಳೆ ನೀರಿಗಾಗಿಯೋ? ತಾವು ಯಾವ ಕಾಲೇಜಿನಲ್ಲಿ ಇದನ್ನು ಕಲಿತಿರಿ?

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಅವರು ಬಂದರು: ಓವರಸಿಯರರು, ಕೂಲಿಯವರು, ಲಾಠಿ ಹಿಡಿದ ಪೊಲೀಸರು. ಮರುದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲೆಂದು ಅಕ್ಕ ಕಡುಬು ಮಾಡುತ್ತಿದ್ದಳು. ಸುದ್ದಿ ಕೇಳಿ ಹಿಟ್ಟಿನ ಕೈಯಲ್ಲೇ ಓಡಿದಳು, ಅವಳ ಬೆನ್ನಿಗೆ ನಾನು. ನಳಿಗೆಯ ಸುತ್ತಲಿನ ಜೋಳ ಆಗಲೇ ಉರುಳುತ್ತಿತ್ತು.

"ಯಪ್ಪಾ, ಹಾಲದಾಗ ಐತ್ರಿ ತೆನಿ! ಇನ್ನ ಕಾಳ ಕಟ್ಟಿಲ್ರಿ!" ಎಂದು ಅಕ್ಕ ಕೂಗಿದಳು.

"ಬೆಳಿ ಅಡ್ಡ ಬರಾಕತ್ತೇತಿ. ಸರಿ ಆಚೀಗಿ," ಎಂದರು ಓವರಸಿಯರರು.

ಅವಳು ಸರಿಯಲಿಲ್ಲ. ದಂಟುಗಳನ್ನು ತಬ್ಬಿ ಕುಳಿತಳು. ಕೂಲಿಯವನೊಬ್ಬ ಹಿಂಜರಿದು ನಿಂತ. ತಮ್ಮ ಓವರಸಿಯರರು ಅವನ ಕೈಯಿಂದ ಕುಡಗೋಲು ಕಸಿದು ಆ ದಂಟುಗಳಿಗೇ ಬೀಸಿದರು. ಮೊದಲು ತೆನೆಗಳು ವಾಲಿದವು. ಆಮೇಲೆ ಅಕ್ಕ ತನ್ನ ಕೈಯನ್ನು ಮೇಲೆತ್ತಿ ನೋಡಿಕೊಂಡಳು. ಕೂಗಿದವನು ನಾನು.

ಎಂಜಿನ್ನಿನ ಹತ್ತಿರವಿದ್ದ ಪಾಂಡಪ್ಪ ನಟ್ಟು ತಿರುಗಿಸುವ ಕಬ್ಬಿಣದ ಪಾನಾ ಹಿಡಿದೇ ಓಡಿಬಂದ. ಅಕ್ಕನ ಕೈ ನೋಡಿದ, ಓವರಸಿಯರರ ಭುಜಕ್ಕೆ ಹೊಡೆದ. ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು. ನಾನು ಅವರ ಕುತ್ತಿಗೆಗೆ ಕೈಹಾಕಿದೆ. ಪೊಲೀಸರು ಬಿಡಿಸದಿದ್ದರೆ ಅಂದು ಓವರಸಿಯರರು ಮನೆಗೆ ಹೋಗುತ್ತಿರಲಿಲ್ಲ. ಇದನ್ನು ಕೋರ್ಟಿನಲ್ಲೂ ಹೀಗೆಯೇ ಹೇಳುತ್ತೇನೆ. ಆಮೇಲೆ ಲಾಠಿಗಳು ಮಾತಾಡಿದವು. ನನ್ನ ಮುಂದಿನ ಹಲ್ಲುಗಳು ಕೆಸರಿಗೆ ಉದುರಿದವು. ಪಾಂಡಪ್ಪ ಬಿದ್ದ ಮೇಲೂ ಅವನ ತಲೆಗೆ ಹೊಡೆದರು, ಎಡಗಿವಿಯಿಂದ ರಕ್ತ ಹರಿಯುವವರೆಗೆ. ಆ ಕಿವಿ ಈಗ ಕೇಳುವುದಿಲ್ಲ. ಸಂಸ್ಥಾನದ ಕಾಲದಲ್ಲಿ ನಮ್ಮ ಅಪ್ಪನನ್ನೂ ಹೊಡೆದಿದ್ದರು. ಆದರೆ ಅದಕ್ಕೆ ಅವರು ಅಭಿವೃದ್ಧಿ ಎಂದು ಹೆಸರಿಟ್ಟಿರಲಿಲ್ಲ.

ಮರುದಿನ ದೊಡ್ಡವರು ಬಂದರು. ಬೋಳು ನೆಲದ ಮೇಲೆ ನೀರು ಬಹಳ ಚೆಂದಾಗಿ ಹಾರಿತಂತೆ, ಚಪ್ಪಾಳೆಯೂ ಬಿತ್ತಂತೆ. ಅಕ್ಕ ಜಮಖಂಡಿಯ ದವಾಖಾನೆಯಲ್ಲಿದ್ದಳು, ನಾವಿಬ್ಬರು ಲಾಕಪ್ಪಿನಲ್ಲಿದ್ದೆವು. ದೊಡ್ಡವರಿಗೆ ರಕ್ತದ ಗುರುತು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಡ್ಡಿಯಿಲ್ಲದ ಕಡೆ ತಮ್ಮ ಯಂತ್ರ ನೆಲವನ್ನು ಚೆನ್ನಾಗಿಯೇ ತೊಳೆಯುತ್ತದೆ. ಹೊದಿಕೆಯಿಲ್ಲದ ಎರೆನೆಲದ ಮೇಲೆ ಹನಿ ಬಡಿದು ಬಡಿದು ಮಣ್ಣು ಹೆಪ್ಪುಗಟ್ಟಿ, ನೀರು ಇಂಗದೆ ಹರಿದು ಹೋಯಿತು. ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಈಗ ಪಾಂಡಪ್ಪ ಜೈಲಿನಲ್ಲಿದ್ದಾನೆ, ನಾನು ಜಾಮೀನಿನ ಮೇಲೆ ಹೊರಗಿದ್ದೇನೆ. ಸರಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದ್ದು ನಮ್ಮ ಅಪರಾಧವಂತೆ. ಬೆಳೆಯ ಅಪರಾಧವೂ ಅದೇ ಆಗಿತ್ತು. ಕುಡಗೋಲು ಬೀಸಿದವರಿಗೆ ತಾವು ರಜೆ ಕೊಟ್ಟು, ಬೇರೆ ಊರಿಗೆ ಬಡ್ತಿಯ ಮೇಲೆ ಕಳಿಸಿದ್ದೀರಿ.

ಆದ್ದರಿಂದ ಕೇಳುತ್ತೇನೆ. ಪಾಂಡಪ್ಪನ ಮೇಲಿನ ಖಟ್ಲೆ ಹಿಂತೆಗೆದುಕೊಳ್ಳಿ. ಇಲ್ಲವೇ ತಮ್ಮ ಓವರಸಿಯರರನ್ನೂ ಅವನ ಪಕ್ಕದಲ್ಲೇ ಕಟಕಟೆಗೆ ತನ್ನಿ, ಹುಕುಮು ಕೊಟ್ಟ ತಾವೂ ಬನ್ನಿ. ಬೆಳೆ ಏರಿದಂತೆ ಏರುವ ನಳಿಗೆ ತನ್ನಿ. ಆಗದಿದ್ದರೆ ಕೊಳವೆ ಕಿತ್ತುಕೊಂಡು ಹೋಗಿ.

ನಿನ್ನೆ ಅಕ್ಕನನ್ನು ಕೇಳಿದೆ: "ಈ ಸಲ ಶೇಂಗಾ ಹಾಕೂಣೇನಬೇ? ಗಿಡ್ಡ ಬೆಳಿ, ನೀರಿಗೆ ಅಡ್ಡ ಬರೂದಿಲ್ಲ."

ಎಡಗೈಯಲ್ಲಿ ರೊಟ್ಟಿ ತಟ್ಟಲು ಕಲಿಯುತ್ತಿದ್ದ ಅವಳು ತಲೆ ಎತ್ತದೆ ಹೇಳಿದಳು: "ಜ್ವಾಳಾನ ಹಾಕೂದು. ಕೊಯ್ಯಾಕ ಬಂದ್ರ ಈ ಸಲ ನನ್ನ ಕೈಯಾಗೂ ಕುಡಗೋಲ ಇರ್ತೇತಿ ಅಂತ ಬರಿ."

ಬರೆದಿದ್ದೇನೆ.

ಇಂತಿ,
ಹಲ್ಲುದುರಿದ ಬಾಯಿಂದ ಇಷ್ಟೇ ಹೇಳಲಾದ,
ಅಮಸಿದ್ದಪ್ಪ
ಜಮಖಂಡಿ ತಾಲೂಕು, ೧೯೫೫