ಐದು ರಿವರ್ಸ್ ಗೇರಿನ ಕಾರು

ಆಡಮ್ಸ್‌ಟೌನ್, ಡಬ್ಲಿನ್
೨೯ ಅಕ್ಟೋಬರ್ ೨೦೨೦, ಗುರುವಾರ

ಪ್ರೀತಿಯ ದ್ರಾಕ್ಷಾಯಿಣಿಗೆ,

ಕವರಿನ ಮೇಲಿನ ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ ಮಾರಾಯ್ತಿ. ಪೂರ್ತಿ ಓದು, ಆಮೇಲೆ ಒಲೆಗೆ ಬೇಕಾದರೂ ಹಾಕು. ನಿನ್ನ ಭುಜದ ನೋವು ಹೇಗಿದೆ? ಅತ್ತೆಯವರನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಬಂದ ನೋವು ಅದು, ಎಣ್ಣೆ ಹಚ್ಚಿದರೆ ಹೋಗುವುದಲ್ಲ, ಡಾಕ್ಟರಿಗೆ ತೋರಿಸು. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಮಾಸ್ಕ್ ಇಲ್ಲದೆ ತರಕಾರಿ ಗಾಡಿಯ ಹತ್ತಿರ ಹೋಗಬೇಡ. ನನ್ನ ಆರೋಗ್ಯ ಸುಮಾರಾಗಿದೆ. ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತದೆ, ನಿದ್ದೆ ಸರಿಯಾಗಿ ಬರುತ್ತಿಲ್ಲ. ಸ್ಪಂದನಾ, ಅಳಿಯ, ಕೂಸು ಮೂವರೂ ಚೆನ್ನಾಗಿದ್ದಾರೆ. ಕೂಸಿಗೆ ಎರಡು ಹಲ್ಲು ಬಂದಿವೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳಬೇಡ, ಯಾಕೆಂದು ನಿನಗೆ ಗೊತ್ತು. ಐದು ವಾರದಿಂದ ನಾನು ಫೋನ್ ಮಾಡಿದಾಗಲೆಲ್ಲ ನೀಲಮ್ಮನೇ ಎತ್ತಿ, ಪಾತ್ರೆ ತೊಳೆಯುತ್ತಲೇ ‘ಅಮ್ಮಾರು ಚೆನ್ನಾಗೇ ಅದಾರೆ, ಆದ್ರೆ ಫೋನಿಗೆ ಬರಲ್ವಂತೆ’ ಎನ್ನುತ್ತಾಳೆ. ಅತ್ತೆಯವರು ತೀರಿಕೊಂಡ ಹನ್ನೊಂದನೆಯ ದಿನದ ಸಂಜೆ ನೀನು ಕೇಳಿದ ಮಾತು ನನ್ನ ಕಿವಿಯಲ್ಲೇ ಇದೆ. ‘ನಿಜವಾಗ್ಲೂ ವಿಮಾನದಲ್ಲಿ ಸೀಟು ಇರ್ಲಿಲ್ಲೇನ್ರೀ? ಇಲ್ಲ, ಮಗಳು ಅಳಿಯ ನಿಮ್ಮನ್ನ ಕಳಿಸೋ ಮನಸ್ಸೇ ಮಾಡ್ಲಿಲ್ವಾ? ಕೂಸು ನೋಡ್ಕೊಳ್ಳೋಕೆ ಒಬ್ಬ ಆಳು ಸಿಕ್ಕಿದಾನೆ ಅಂತ ಇಟ್ಕೊಂಡ್ರಾ?’ ನಾನು ‘ಹಲೋ, ಹಲೋ, ಕೇಳಿಸ್ತಾ ಇಲ್ಲ’ ಎಂದು ಫೋನ್ ಇಟ್ಟೆ. ಕೇಳಿಸಿತ್ತು ಕಣೇ, ಒಂದೊಂದು ಅಕ್ಷರವೂ ಕೇಳಿಸಿತ್ತು. ಅವತ್ತಿನಿಂದ ನೀನು ಸ್ಪಂದನಾ ಜೊತೆಗೂ ‘ಹೂಂ’, ‘ಆಯ್ತು’ ಬಿಟ್ಟರೆ ಮಾತಾಡುತ್ತಿಲ್ಲ. ಅವಳು ‘ಅಜ್ಜಿ ಹೋದ ದುಃಖ, ಅಮ್ಮನಿಗೆ ಸ್ವಲ್ಪ ಟೈಮ್ ಬೇಕು’ ಎಂದು ನನಗೇ ಸಮಾಧಾನ ಹೇಳುತ್ತಾಳೆ, ಆಮೇಲೆ ಕೂಸಿಗೆ ಬಟ್ಟೆ ಹಾಕುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ. ನಿನ್ನ ಪ್ರಶ್ನೆಗೆ ಉತ್ತರ ಕೊಡಲೆಂದೇ ಕೂತಿದ್ದೇನೆ. ಸ್ಪಂದನಾ ಆಫೀಸಿನ ಕೃಷ್ಣಪ್ರಸಾದ ಇವತ್ತು ಮಧ್ಯಾಹ್ನ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಆದರೆ ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕದ್ದು ನಿನಗೆ ತಿಳಿಯುವುದಿಲ್ಲ.

ಬಾಣಂತನಕ್ಕೆ ಗಂಡಸು ಹೋದದ್ದು ನಮ್ಮ ಬಂಧುಬಳಗದಲ್ಲೇ ನಾನು ಮೊದಲನೆಯವನು. ಹಾಸಿಗೆ ಹಿಡಿದ ನಿನ್ನಮ್ಮನನ್ನು ಬಿಟ್ಟು ನೀನು ಬರುವ ಹಾಗಿರಲಿಲ್ಲ. ಅಂಟಿನುಂಡೆ, ಒಣಕೊಬ್ಬರಿ, ಬಜೆ ಬೇರು ಎಲ್ಲ ಕಟ್ಟಿಕೊಟ್ಟು, ‘ಮೂರು ತಿಂಗಳು, ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿದೋಗುತ್ತೆ’ ಎಂದು ಫೆಬ್ರುವರಿಯಲ್ಲಿ ನನ್ನನ್ನು ವಿಮಾನ ಹತ್ತಿಸಿದೆ. ಮಾರ್ಚಿನಲ್ಲಿ ಎಲ್ಲ ಬಂದ್ ಆಯಿತು. ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗುವ ಹಾಗಿಲ್ಲ ಎಂದರು, ಆಮೇಲೆ ಐದು ಎಂದರು. ಈ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ, ಅದೇ ಇಟ್ಟಿಗೆ, ಅದೇ ಬಾಗಿಲು. ಒಂದು ದಿನ ವಾಕಿಂಗ್ ಮುಗಿಸಿ ಬಂದವನು ಬೇರೆ ಯಾರದೋ ಬಾಗಿಲಿಗೆ ಕೀಲಿ ತಿರುಗಿಸುತ್ತಾ ನಿಂತಿದ್ದೆ, ಒಳಗಿನಿಂದ ಒಬ್ಬ ಮುದುಕಿ ಕಿಟಕಿಯಲ್ಲಿ ಕೈಬೀಸಿ ನಕ್ಕಳು. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿದ ಕೈ ಸುಮ್ಮನಿರುತ್ತದೆಯೇ? ಮಿಕ್ಸಿ ಬಿಚ್ಚಿ ಜೋಡಿಸಿದೆ. ಮನೆಯ ಎಲ್ಲ ಬಾಗಿಲಿನ ತಿರುಪು ಬಿಗಿ ಮಾಡಿದೆ. ವಾಷಿಂಗ್ ಮಷೀನಿನ ಹಿಂದೆ ಕೈಹಾಕಿದಾಗ ಸ್ಪಂದನಾ ಸ್ಕ್ರೂಡ್ರೈವರನ್ನೇ ಬಚ್ಚಿಟ್ಟಳು. ಅಳಿಯ ಶ್ರೀಹರ್ಷನಿಗೆ ಮಾತ್ರ ಮನೆಯಲ್ಲಿ ಕೂರುವ ಭಾಗ್ಯವಿಲ್ಲ, ಚಿಪ್ ಮಾಡುವ ಕಾರ್ಖಾನೆ ನಿಲ್ಲುವಂತಿಲ್ಲವಂತೆ, ದಿನಾ ಲೀಕ್ಸ್‌ಲಿಪ್‌ಗೆ ಹೋಗಿಬರುತ್ತಾನೆ. ಅವನು ಹೊರಡುವುದನ್ನು ಕಿಟಕಿಯಲ್ಲಿ ನಿಂತು ನೋಡುವಾಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತಿತ್ತು.

ಮನೆ ಮುಂದೆ ಅವನ ಹಳೆಯ ಚಿಕ್ಕ ಕಾರು ನಿಂತಿತ್ತು, ಈ ದೇಶಕ್ಕೆ ಬಂದ ಹೊಸದರಲ್ಲಿ ಕೊಂಡದ್ದು. ಗೇರ್‌ಬಾಕ್ಸ್ ಹೋಗಿದೆ, ಮುಂದಿನ ಚಕ್ರ ತಿರುಗಿಸುವ ಎರಡು ಶಾಫ್ಟೂ ಹೋಗಿವೆ, ಗುಜರಿಗೆ ಹಾಕುತ್ತೇನೆ ಎಂದ. ಇಂಜಿನ್ನು ಗಡಿಯಾರದ ಹಾಗೆ ನಡೆಯುತ್ತಿರುವಾಗ ಗುಜರಿಗೆ ಹಾಕುವುದೇ? ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮನೆಯಲ್ಲಿ ಡೆರಿಕ್ ಎಂಬ ಮಂಗಳೂರಿನ ಹುಡುಗ ಇದ್ದಾನೆ, ಆಸ್ಪತ್ರೆಯೊಂದರಲ್ಲಿ ಯಂತ್ರ ರಿಪೇರಿ ಕೆಲಸ, ವೆಲ್ಡಿಂಗ್ ಸೆಟ್ ಇಟ್ಟುಕೊಂಡಿದ್ದಾನೆ. ಗೋಡೆಯಾಚೆಯಿಂದ ಅವನೇ ಕಡ್ಡಿ ಗೀರಿದ್ದು. ಇಲ್ಲಿಯ ಹುಡುಗರು ಇಂಥ ಕಾರಿನ ಇಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಕೂರಿಸಿ, ಹಿಂದಿನ ಚಕ್ರಕ್ಕೆ ಶಕ್ತಿ ಕೊಡುತ್ತಾರಂತೆ. ‘ಮಾಡ್ಲಿಕ್ಕೆ ಆಗ್ತದೆ ಅಂಕಲ್, ಗ್ರ್ಯಾಂಡ್ ಆಗ್ತದೆ’ ಎಂದ. ನಿನಗೆ ಗೊತ್ತಲ್ಲ, ಮುಂದಿನ ಚಕ್ರ ಎಳೆಯುವ ಗಾಡಿ ಗಾಡಿಯೇ ಅಲ್ಲ ಎಂದು ನಾನು ಡಿಪೋದಲ್ಲಿ ಎಷ್ಟು ಜನರ ಜೊತೆ ಜಗಳ ಕಾದಿದ್ದೇನೆ ಎಂದು. ಬಸ್ಸು ಹಿಂದಿನಿಂದ ತಳ್ಳಿಸಿಕೊಂಡೇ ಘಾಟಿ ಹತ್ತುವುದು. ಜೂನ್ ಮೊದಲ ವಾರ ಬಾನೆಟ್ ಬಿಚ್ಚಿದೆ.

ದ್ರಾಕ್ಷಾಯಿಣಿ, ಸುಳ್ಳು ಹೇಳುವುದಿಲ್ಲ, ಆ ಎರಡು ತಿಂಗಳು ನನಗೆ ಬಹಳ ಸಂತೋಷವಾಗಿತ್ತು. ಡೆರಿಕ್ ಗುಜರಿ ಅಂಗಡಿಯಿಂದ ಹಳೆಯ ವ್ಯಾನೊಂದರ ಗೇರ್‌ಬಾಕ್ಸ್, ಉದ್ದನೆಯ ಶಾಫ್ಟು, ಹಿಂದಿನ ಆಕ್ಸಲ್ ಎಲ್ಲ ತಂದ. ಬಾಡಿಗೆಗೆ ಚೈನ್‌ಬ್ಲಾಕ್ ತಂದು ಇಂಜಿನ್ ಎತ್ತಿದೆವು. ಶಾಫ್ಟ್ ಹಾಯಲು ಕಾರಿನ ನೆಲವನ್ನು ಉದ್ದಕ್ಕೂ ಕತ್ತರಿಸಿ ಮೇಲೆ ತಗಡಿನ ಕಮಾನು ಕೂರಿಸಿದೆವು. ಸ್ಪಂದನಾ ಬಾಗಿಲಲ್ಲಿ ಕೂಸು ಎತ್ತಿಕೊಂಡು ನಿಂತು ‘ಅಪ್ಪಾ, ಇದಕ್ಕೆ ಇಲ್ಲಿ ಇನ್ಶೂರೆನ್ಸ್ ಕೂಡ ಸಿಗಲ್ಲ’ ಎಂದಳು. ಸಿಗದಿದ್ದರೆ ಬಿಡಲಿ ಎಂದೆ. ಬೆಳಿಗ್ಗೆ ಏಳುವಾಗ ಮಾಡಲು ಏನೋ ಇದೆ ಎನ್ನುವುದೇ ದೊಡ್ಡದು. ರಿಟೈರಾದ ಮೇಲೆ ನಾಲ್ಕು ವರ್ಷ ಪೇಪರನ್ನು ಎರಡು ಸಲ ಓದಿ, ನಿನ್ನ ಅಡುಗೆಮನೆಯಲ್ಲಿ ತಪ್ಪು ಹುಡುಕಿ ಕಾಲ ಕಳೆದವನು ನಾನು. ನೀನು ಫೋನ್ ಮಾಡಿ ಅತ್ತೆಯವರು ಇವತ್ತು ಗಂಜಿಯನ್ನೂ ಬಿಟ್ಟರು, ರಾತ್ರಿಯೆಲ್ಲ ಕೂಗಿಕೊಂಡರು ಎನ್ನುತ್ತಿದ್ದಾಗ ನಾನು ಹೂಂಗುಟ್ಟುತ್ತಾ ಇನ್ನೊಂದು ಕೈಯಲ್ಲಿ ನಟ್ಟು ಬಿಗಿ ಮಾಡುತ್ತಿದ್ದೆ. ಜುಲೈಯಲ್ಲಿ, ಇಲ್ಲಿ ಸಿಕ್ಕಿಬಿದ್ದವರನ್ನು ಊರಿಗೆ ಕರೆದೊಯ್ಯುವ ವಿಶೇಷ ವಿಮಾನದ ಮಾತು ಬಂತು. ಅದಕ್ಕೆ ಬರುತ್ತೇನೆ, ತಾಳು.

ಆಗಸ್ಟಿನಲ್ಲಿ ಆಕ್ಸಲ್ ಕೂರಿಸುವಾಗ ಒಂದು ತೊಡಕಾಯಿತು. ಆಕ್ಸಲಿನ ನಡುವೆ ಗುಂಡಗೆ ಉಬ್ಬಿರುತ್ತದಲ್ಲ, ಡಿಫರೆನ್ಷಿಯಲ್ಲು, ಅದು ಸರಿಯಾಗಿ ಮಧ್ಯಕ್ಕಿಲ್ಲ, ಒಂದು ಪಕ್ಕಕ್ಕೆ ವಾಲಿದೆ. ಇಟ್ಟರೆ ಶಾಫ್ಟು ಓರೆಯಾಗುತ್ತದೆ. ನಾನು ಇಡೀ ಆಕ್ಸಲನ್ನೇ ತಲೆಕೆಳಗು ಮಾಡಿ ಹಿಡಿದೆ, ಉಬ್ಬು ಈ ಪಕ್ಕಕ್ಕೆ ಬಂತು, ಶಾಫ್ಟು ನೆಟ್ಟಗೆ ಕೂತಿತು! ಹಳೆಯ ಪಟ್ಟಿಗಳನ್ನು ಕತ್ತರಿಸಿ ಬೇರೆ ಕಡೆ ವೆಲ್ಡ್ ಮಾಡಿಸಿದೆ. ಎಣ್ಣೆ ಹಾಕುವ ತೂತು ಎಲ್ಲೋ ಹೋಗಿತ್ತು, ಡೆರಿಕ್ ಅದನ್ನು ನೋಡಿ ‘ಇದು ಉಲ್ಟಾ ಆಗಲಿಲ್ವಾ ಅಂಕಲ್?’ ಎಂದ. ‘ನೀನು ಹುಟ್ಟೋಕೆ ಮುಂಚೆ ಆಕ್ಸಲ್ ಬಿಚ್ಚಿದವನು ಕಣಯ್ಯಾ ನಾನು’ ಎಂದು ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಸೆಪ್ಟೆಂಬರ್ ಹನ್ನೆರಡು ಬಂತು. ಅತ್ತೆಯವರನ್ನು ಮಣ್ಣು ಮಾಡುವುದನ್ನು ನಾವು ಮೂವರೂ ಅಳಿಯನ ಫೋನಿನಲ್ಲಿ ನೋಡಿದೆವು. ಹೆಗಲು ಕೊಡಲು ನಾಲ್ಕು ಜನ ಸಿಗದೆ ನೀನೇ ಸೆರಗು ಬಿಗಿದು ಕೈ ಹಾಕಿದ್ದು ಕಂಡಿತು. ಹೆಂಗಸಿನ ಕೈಗೆ ಆ ಕೆಲಸ ಬಂತು, ನಾನು ಇಲ್ಲಿ ಉಗುರಿನೊಳಗೆ ಗ್ರೀಸ್ ತುಂಬಿಕೊಂಡು ಸೋಫಾದ ಮೇಲೆ ಕೂತಿದ್ದೆ.

ಮೊನ್ನೆ ಭಾನುವಾರ ಆಯುಧಪೂಜೆ. ಅಜ್ಜಿ ತೀರಿಕೊಂಡ ವರ್ಷ ಸಿಹಿ ಬೇಡ ಎಂದಳು ಸ್ಪಂದನಾ, ಹೂವು ವಿಭೂತಿ ಸಾಕು ಎಂದೆ. ಕಾರಿಗೆ ವಿಭೂತಿ ಬಳಿದು ಸೇವಂತಿಗೆ ಸಿಕ್ಕಿಸಿದೆವು. ಇಲ್ಲಿ ಮತ್ತೆ ಎಲ್ಲ ಬಂದ್ ಮಾಡಿದ್ದಾರಲ್ಲ, ಡೆರಿಕ್ ಗೋಡೆಯಾಚೆಯೇ ಮಾಸ್ಕ್ ಹಾಕಿ ನಿಂತಿದ್ದ. ಶಕ್ತಿ ಈಗ ಹಿಂದಿನ ಚಕ್ರಕ್ಕೆ ತಾನೆ, ನಿಂಬೆಹಣ್ಣು ಅದಕ್ಕೇ ಸಲ್ಲಬೇಕು ಎಂದು ಹಿಂದಿನ ಎರಡು ಚಕ್ರದ ಮುಂದೆ ಒಂದೊಂದು ಇಟ್ಟೆ. ನಾನೇ ಕೂತು ಸ್ಟಾರ್ಟ್ ಮಾಡಿದೆ. ಎಂಥ ಶಬ್ದ ಅಂತೀಯ! ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಕಾರು ಸರ್ರನೆ ಹಿಂದಕ್ಕೆ ಹೋಗಿ ಹಸಿರು ಕಸದ ಡಬ್ಬಿಯನ್ನು ಉರುಳಿಸಿ ಬೇಲಿಗೆ ಹತ್ತಿತು. ಗೇರು ತಪ್ಪಿತೇನೋ ಎಂದು ಸೆಕೆಂಡ್ ಹಾಕಿದೆ, ಇನ್ನೂ ಹಿಂದಕ್ಕೇ. ರಿವರ್ಸ್ ಹಾಕಿದರೆ ಒಂದು ಗೇಣು ಮುಂದಕ್ಕೆ ಬಂತು. ಆಕ್ಸಲ್ ತಲೆಕೆಳಗಾದರೆ ಚಕ್ರ ತಿರುಗುವುದೂ ಉಲ್ಟಾ ಆಗುತ್ತದೆ ಎನ್ನುವುದು ಡಿಪೋದಲ್ಲಿ ಕಸ ಗುಡಿಸುವವನಿಗೂ ಗೊತ್ತು, ನನಗೆ ಹೊಳೆಯಲಿಲ್ಲ. ‘ಎಂಥ ಮಾರಾಯ್ರೆ, ಐದು ಗೇರು ಹಿಂದೆ, ಒಂದು ಮುಂದೆ ಉಂಟಲ್ಲ!’ ಎಂದು ಡೆರಿಕ್ ಗೋಡೆ ಹಿಡಿದು ನಕ್ಕ. ಅಳಿಯ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತ. ನಿಂಬೆಹಣ್ಣು ಎರಡೂ ಇಟ್ಟ ಜಾಗದಲ್ಲೇ ಇದ್ದವು, ಸ್ಪಂದನಾ ಅವನ್ನು ಎತ್ತಿಕೊಂಡು ‘ಪಾನಕಕ್ಕಾಯ್ತು ಬಿಡಪ್ಪ’ ಎಂದಳು.

ನಾನೂ ನಕ್ಕೆ. ನಗುತ್ತಲೇ ಒಳಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ, ದ್ರಾಕ್ಷಾಯಿಣಿ. ಕಾರಿಗಾಗಿ ಅಲ್ಲ. ಎರಡು ದಿನದ ಕೆಲಸ ಅದು, ಆಕ್ಸಲ್ ಬಿಚ್ಚಿ ತಿರುಗಿಸಿ ಕೂರಿಸಿದರೆ ಮುಗಿಯಿತು. ಡೆರಿಕ್ ಸ್ಪ್ಯಾನರ್ ಹಿಡಿದು ದಿನಾ ಗೋಡೆಯ ಹತ್ತಿರ ಬಂದು ಕರೆಯುತ್ತಾನೆ, ನಾನು ಹೋಗುತ್ತಿಲ್ಲ. ಭಾನುವಾರದಿಂದ ಆ ಕಾರನ್ನು ಮುಟ್ಟಿಲ್ಲ, ಮುಟ್ಟಲು ಮನಸ್ಸಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಕೂರಬೇಕು ಅನ್ನಿಸುತ್ತದೆ. ಊಟಕ್ಕೆ ಕೂತಾಗ ಸ್ಪಂದನಾ ‘ಇನ್ನೊಂದು ರೊಟ್ಟಿ ಹಾಕ್ಲಾ ಅಪ್ಪಾ’ ಎಂದರೆ ಅವಳ ಮುಖ ನೋಡಲು ಆಗುವುದಿಲ್ಲ. ಡಿಸೆಂಬರ್ ಐದಕ್ಕೆ ನನಗೆ ಸೀಟು ಆಗಿದೆ, ಎರಡು ಊರು ಸುತ್ತಿ ಬರುವ ವಿಮಾನ. ಬಂದ ಮೇಲೆ ಹದಿನಾಲ್ಕು ದಿನ ಹೊರಗಿನ ಕೋಣೆಯಲ್ಲಿ ಇರಬೇಕಂತೆ. ಊಟದ ತಟ್ಟೆಯನ್ನು ನೀಲಮ್ಮನ ಕೈಯಲ್ಲಿ ಬಾಗಿಲಿಗೆ ಇಡಿಸಿದರೆ ಸಾಕು, ನೀನು ಮಾತಾಡಲೇಬೇಕು ಎಂದೇನಿಲ್ಲ.

ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಭಾರ ಎತ್ತಬೇಡ, ಸಿಲಿಂಡರ್ ಬಂದರೆ ಅವರಿಂದಲೇ ಒಳಗೆ ಇಡಿಸು. ನೀಲಮ್ಮನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಅಂಗೈಯನ್ನು ಕಾಗದದ ಹಿಂದೆ ಇಟ್ಟು ಗೆರೆ ಎಳೆದಿದ್ದೇನೆ, ಅದು ಸುಮ್ಮನಿರಲಿಲ್ಲ, ಅದಕ್ಕೇ ಆರು ಬೆರಳಿನ ಹಾಗೆ ಕಾಣುತ್ತದೆ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಗುರುಶಾಂತಪ್ಪ

ತಾ.ಕ.: ಕೃಷ್ಣಪ್ರಸಾದ ಬಂದ, ಹೊರಗೆ ಟ್ಯಾಕ್ಸಿ ನಿಂತಿದೆ, ಬೇಗ ಬರೆಯುತ್ತೇನೆ. ಸೀಟು ಇತ್ತು. ಜುಲೈ ಹದಿನೆಂಟಕ್ಕೆ ಇತ್ತು. ಅಳಿಯನೇ ಅರ್ಜಿ ಹಾಕಿ, ನಾಲ್ಕು ದಿನ ಫೋನಿಗೆ ಅಂಟಿಕೊಂಡು ಕೂತು ಕೊಡಿಸಿದ್ದ. ವಿಮಾನದವರು ಫೋನ್ ಮಾಡಿದಾಗ ಇಂಜಿನ್ನು ಚೈನಿನಲ್ಲಿ ನೇತಾಡುತ್ತಿತ್ತು, ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸ್ಪಂದನಾಗೆ ‘ನಿಮ್ಮಮ್ಮನೇ ಬೇಡ ಅಂದ್ಲು, ದಾರೀಲಿ ಸೋಂಕು ಹತ್ತಿಸ್ಕೊಂಡು ಬಂದು ಅಜ್ಜಿಗೆ ಕೊಡ್ತೀರಿ ಅಂದ್ಲು’ ಎಂದು ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದೆ. ನಿನ್ನ ಹತ್ತಿರ ‘ಸೀಟು ಸಿಗ್ಲಿಲ್ಲ’ ಎಂದೆ. ಅವಳು ಇಷ್ಟು ದಿನವೂ ಅದನ್ನೇ ನಂಬಿಕೊಂಡಿದ್ದಳು. ಈಗ ಅಡುಗೆಮನೆಗೆ ಹೋಗಿ ಎಲ್ಲ ಹೇಳಿ ಬಂದೆ. ಅವಳು ನನಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಾಳೆ, ಭುಜ ಅಲ್ಲಾಡುತ್ತಿದೆ. ತಪ್ಪೆಲ್ಲ ನನ್ನದು, ಮಗಳದ್ದು ಅಳಿಯನದ್ದು ಒಂದು ಎಳ್ಳಿನಷ್ಟೂ ಇಲ್ಲ. ಕಾಗದ ಓದಿದ ತಕ್ಷಣ ಫೋನ್ ಮಾಡು. ನನಗಲ್ಲ, ಅವಳಿಗೆ.